ಕೋವಿ ನಿಂತುಹೋದಾಗ ಏನು ಮಾಡಬೇಕು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ಹಾರುವ ತಟ್ಟೆಗೆ ಗುರಿಯಿಟ್ಟು ಹೊಡೆಯುವ ಆಟದ ಬಗ್ಗೆ ಕಳೆದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಹೊಸಬರು ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ತಗೊಂಡರೆ ಒಳ್ಳೆಯದು, ಭುಜಕ್ಕೆ ಒದೆತ ಕಡಿಮೆ ಎಂದು ಅದರಲ್ಲಿತ್ತು. ಮಾತು ನಿಜ. ಆದರೆ ಅಲ್ಲಿಗೇ ಬಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಎರಡು ವರ್ಷದ ಹಿಂದೆ ಇದೇ ಮಾತು ನಂಬಿ ಅಂಥ ಕೋವಿ ಕೊಂಡವಳು ನಾನು. ಆಗ ಯಾರೂ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಸೆಮಿ ಆಟೊಮ್ಯಾಟಿಕ್ ಅಂದರೆ ಒತ್ತಿ ಹಿಡಿದರೆ ಸುರಿಯುತ್ತಲೇ ಇರುವ ಕೋವಿ ಅಲ್ಲ. ಒಂದು ಸಲ ಟ್ರಿಗರ್ ಎಳೆದರೆ ಒಂದೇ ಈಡು. ಖಾಲಿ ತೋಟಾ ಹೊರಗೆ ಎಸೆದು ಮುಂದಿನದನ್ನು ಒಳಗೆ ಕೂರಿಸುವ ಕೆಲಸವನ್ನು ಮಾತ್ರ ಕೋವಿ ತಾನೇ ಮಾಡಿಕೊಳ್ಳುತ್ತದೆ. ಇದು ಹೊಸ ಕಾಲದ ಸಾಮಾನೂ ಅಲ್ಲ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಆಟೊ-5 ಎಂಬ ಇಂಥದೇ ಕೋವಿ ಬೆಲ್ಜಿಯಂನಲ್ಲಿ ತಯಾರಾಗಲು ಶುರುವಾದದ್ದು 1902ರಲ್ಲಿ. ಅದರಲ್ಲಿ ಈಡು ಹೋದಾಗ ನಳಿಗೆಯೇ ಹಿಂದಕ್ಕೆ ಜಾರುತ್ತಿತ್ತು. ನನ್ನದು ಗ್ಯಾಸ್‌ನಿಂದ ನಡೆಯುವಂಥದ್ದು. ನಳಿಗೆಯಲ್ಲಿ ಸಣ್ಣ ತೂತುಗಳಿವೆ. ಮದ್ದು ಉರಿದ ಗ್ಯಾಸ್ ಸ್ವಲ್ಪ ಅಲ್ಲಿಂದ ನುಗ್ಗಿ ಒಂದು ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಲೋಹದ ತುಂಡನ್ನು, ಹಿಂದಕ್ಕೆ ತಳ್ಳುತ್ತದೆ. ಈ ಕೆಲಸದಲ್ಲಿ ಒದೆತ ಸ್ವಲ್ಪ ಹೊತ್ತು ಹರಡಿಕೊಳ್ಳುತ್ತದೆ. ಜೋಡಿನಳಿಗೆ ಕೋವಿ ಗುದ್ದಿದ ಹಾಗಿದ್ದರೆ ಇದು ಯಾರೋ ಭುಜ ಹಿಡಿದು ನೂಕಿದ ಹಾಗೆ. ನನ್ನಂಥ ಕುಳ್ಳಗಿನ, ನಲವತ್ತೆಂಟು ದಾಟಿದ ಹೆಂಗಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ಐವತ್ತು ಈಡು ಹೊಡೆದ ಮರುದಿನವೂ ಕೈ ಮೇಲೆತ್ತಿ ತಲೆ ಬಾಚಿಕೊಳ್ಳಬಹುದು.

ಕೊಳ್ಳುವಾಗ ನಾನು ನೋಡಿದ್ದು ತೂಕ ಮತ್ತು ಅಂದ. ಅಂಗಡಿಯಲ್ಲಿ ಎತ್ತಿ ಹಿಡಿದೆ, ಚೆನ್ನಾಗಿದೆ ಅನ್ನಿಸಿತು, ಕಾಗದಪತ್ರ ಮುಗಿಸಿ ತಂದೆ. ನಿಜವಾಗಿ ನೋಡಬೇಕಿದ್ದು ಬೇರೆ. ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ, ಕೆನ್ನೆ ಒತ್ತಿ, ಆಮೇಲೆ ಕಣ್ಣು ಬಿಡಬೇಕು. ನಳಿಗೆಯ ಮೇಲಿನ ಪಟ್ಟಿ ನೇರವಾಗಿ, ತುದಿಯ ಮಣಿ ಅದರ ನಡುವೆ ಕಂಡರೆ ಕೋವಿ ಮೈಗೆ ಹೊಂದಿದೆ ಅಂತ. ನನಗೆ ಕಂಡದ್ದು ಬೋಲ್ಟಿನ ಹಿಂಭಾಗ ಮಾತ್ರ. ಬಟ್, ಅಂದರೆ ಭುಜಕ್ಕೆ ಆನಿಸುವ ಹಿಂಭಾಗ, ಉದ್ದ ಜಾಸ್ತಿ, ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ರಬ್ಬರ್ ಪ್ಯಾಡ್ ಬದಲಿಸಿ, ಬಟ್ಟಿನ ಬುಡದಲ್ಲಿ ಒಂದು ತೆಳು ಬಿಲ್ಲೆ ಕೂರಿಸಿದ ಮೇಲೆ ಸರಿಹೋಯಿತು. ಆ ಬಿಲ್ಲೆಗಳು ಮೊದಲಿಂದಲೂ ಕೋವಿಯ ಪೆಟ್ಟಿಗೆಯಲ್ಲೇ ಇದ್ದವು! ಮಾರಿದವರು ತೋರಿಸಿರಲಿಲ್ಲ.

ಈಗ ಮುಖ್ಯ ವಿಷಯ. ರೇಂಜಿಗೆ ಹೋದ ಮೊದಲ ದಿನ ನನ್ನ ಬಳಿ ಇದ್ದದ್ದು 24 ಗ್ರಾಂ ಚರೆಯ ಹಗುರ ತೋಟಾಗಳು. ಒದೆತ ಕಡಿಮೆ ಇರಲಿ ಅಂತ ನಾನೇ ಆರಿಸಿದ್ದೆ. ಮೊದಲ ತಟ್ಟೆ ತಪ್ಪಿತು, ಎರಡನೆಯದು ಪುಡಿಯಾಯಿತು. ಆ ಕಪ್ಪು ಧೂಳು ಗಾಳಿಯಲ್ಲಿ ಹರಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರನೆಯ ಈಡು ಹೊಡೆದೆ, ಕೋವಿ ನಿಂತುಹೋಯಿತು. ಖಾಲಿ ತೋಟಾ ಪೂರ್ತಿ ಹೊರಗೆ ಬಾರದೆ, ಬಲಗಡೆಯ ಕಿಂಡಿಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಕಚ್ಚಿಕೊಂಡಿತ್ತು. ಏನಾಯಿತು ಅಂತ ನೋಡಲು ನಾನು ಕೋವಿಯನ್ನು ನನ್ನ ಕಡೆ ವಾಲಿಸಿಕೊಂಡೆ. ಕನ್ನಡಕ ಹಾಕುವವಳು ನಾನು, ಹತ್ತಿರ ತಂದು ನೋಡುವುದು ಅಭ್ಯಾಸ. ಅದರ ಜೊತೆಗೇ ನಳಿಗೆಯೂ ತಿರುಗಿತು. ಪಕ್ಕದ ಜಾಗದಲ್ಲಿ ಒಬ್ಬ ಹುಡುಗ ತನ್ನ ಸರದಿಗೆ ಕಾಯುತ್ತಾ ನಿಂತಿದ್ದ.

ತರಬೇತುದಾರರು ಕೂಗಲಿಲ್ಲ. ಹಿಂದಿನಿಂದ ಬಂದು ನಳಿಗೆಯ ಮೇಲೆ ಅಂಗೈ ಇಟ್ಟು ಮೈದಾನದ ಕಡೆಗೆ ಒತ್ತಿದರು. "ಮೇಡಂ, ಏನು ಸಿಕ್ಕಿಕೊಂಡಿದೆ ಅಂತ ಆಮೇಲೆ ನೋಡಿ. ಮೊದಲು ನಳಿಗೆಯ ಬಾಯಿ ಎಲ್ಲಿದೆ ನೋಡಿ" ಅಂದರು. ಟ್ರಿಗರ್ ತಡೆಯುವ ಸೇಫ್ಟಿ ಹಾಕಿಸಿದರು. ಬೋಲ್ಟ್ ಹಿಂದಕ್ಕೆಳೆದು ಹಿಡಿದು ಖಾಲಿ ತೋಟಾ ತೆಗೆಸಿದರು. ಆಮೇಲೆ "ಕೆಳಗೆ ನೋಡಿ" ಅಂದರು. ತೋಟಾವನ್ನು ಮೇಲಕ್ಕೆತ್ತುವ ಒಳಗಿನ ಪಟ್ಟಿಯ ಮೇಲೆ ಇನ್ನೊಂದು ತೋಟಾ ಕೂತಿತ್ತು. ಹಿತ್ತಾಳೆ ಬುಡ, ನಡುವೆ ಮದ್ದಿಗೆ ಕಿಡಿ ಹತ್ತಿಸುವ ಪ್ರೈಮರಿನ ಬೊಟ್ಟು, ಅದರ ಮೇಲೆ ಕೋವಿಯ ಪಿನ್ ಬಡಿದ ಗುರುತು ಇಲ್ಲ. ಹೊಡೆಯದ ತೋಟಾ! ನಾನು ಗಾಬರಿಯಲ್ಲಿ ಬೋಲ್ಟನ್ನು ಒಮ್ಮೆ ಎಳೆದು ಬಿಟ್ಟಿದ್ದರೆ ಖಾಲಿಯದು ಹಾರಿ, ಇದು ಚೇಂಬರಿಗೆ, ಅಂದರೆ ನಳಿಗೆಯ ಬುಡದ ಗೂಡಿಗೆ, ಹೋಗಿ ಕೂರುತ್ತಿತ್ತು. ಕೋವಿ ಖಾಲಿಯಾಯಿತು ಎಂದು ನಾನು ನಂಬಿರುತ್ತಿದ್ದೆ.

ಜೋಡಿನಳಿಗೆ ಕೋವಿಯಲ್ಲಿ ಈ ತೊಂದರೆ ಇಲ್ಲ. ನಡುವೆ ಮಡಚಿ ತೋಳಿನ ಮೇಲೆ ಹಾಕಿಕೊಂಡರೆ ನಳಿಗೆಯ ಆಚೆ ಬೆಳಕು ಕಾಣುತ್ತದೆ, ಹತ್ತು ಹೆಜ್ಜೆ ದೂರದಲ್ಲಿರುವವರಿಗೂ ನೆಮ್ಮದಿ. ಸೆಮಿ ಆಟೊಮ್ಯಾಟಿಕ್‌ನಲ್ಲಿ ಬೋಲ್ಟ್ ಮುಚ್ಚಿಕೊಂಡಿದ್ದರೆ ತುಂಬಿದ್ದೂ ಖಾಲಿಯದ್ದೂ ಒಂದೇ ಥರ ಕಾಣುತ್ತವೆ. ಅದಕ್ಕೇ ಬೋಲ್ಟ್ ಹಿಂದಕ್ಕೆ ಸಿಕ್ಕಿಸಿ, ಚೇಂಬರಿನಲ್ಲಿ ಬಣ್ಣದ ಪ್ಲಾಸ್ಟಿಕ್ ಬಾವುಟ ತೂರಿಸಿ ಇಡಬೇಕು. ಕಣ್ಣಲ್ಲಿ ನೋಡಿದ್ದು ಸಾಲದು. ಚೇಂಬರಿಗೂ ತೋಟಾ ತುಂಬುವ ಟ್ಯೂಬಿನ ಬಾಯಿಗೂ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಈಡು ಹೊಡೆದಾಗ ಡಬ್ ಎಂದು ಮಂಕಾದ ಸದ್ದು ಬಂದು, ಒದೆತ ಇಲ್ಲದೆ, ಕೋವಿ ಮುಂದಿನ ತೋಟಾ ಎತ್ತಿಕೊಳ್ಳದೆ ನಿಲ್ಲಬಹುದು. ಮದ್ದು ಸರಿಯಾಗಿ ಉರಿಯದೆ, ಚರೆಯ ಹಿಂದಿನ ಪ್ಲಾಸ್ಟಿಕ್ ಬಟ್ಟಲು ನಳಿಗೆಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಇದೆ. ಹೊಸಬರಿಗೆ ಇದೂ ನನ್ನ ಮೂರನೆಯ ಈಡಿನ ಥರದ್ದೇ ತೊಂದರೆ ಅನ್ನಿಸುತ್ತದೆ, ಅಲ್ವಾ? ಬೋಲ್ಟ್ ಎಳೆದು ಇನ್ನೊಂದು ಹೊಡೆದರೆ ನಳಿಗೆ ಸಿಡಿಯಬಹುದು. ಹಾಗಾಗಿ ಆ ಸದ್ದು ಕೇಳಿದರೆ ಆಟ ನಿಲ್ಲಿಸಿ, ಪೂರ್ತಿ ಖಾಲಿ ಮಾಡಿ, ನಳಿಗೆ ಕಳಚಿ ಬೆಳಕಿಗೆ ಹಿಡಿದು ನೋಡಲೇಬೇಕು. ಟ್ರಿಗರ್ ಎಳೆದರೂ ಸದ್ದೇ ಬರದಿದ್ದರೆ ಬಾಯಿಯನ್ನು ಮೈದಾನದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ಮದ್ದು ತಡವಾಗಿ ಹತ್ತಿಕೊಳ್ಳುವುದುಂಟು.

ಗೇಜ್ ಅಂದರೆ ನಳಿಗೆಯ ಅಳತೆ, ಅಂಕಿ ದೊಡ್ಡದಾದಷ್ಟು ತೋಟಾ ಸಣ್ಣದು. 20 ಗೇಜ್ ತೋಟಾ ಜೇಬಿನಲ್ಲಿ ಬೆರೆತುಹೋದರೂ ನಳಿಗೆ ಸಿಡಿಯುವ ಇದೇ ಕಥೆ. ಅದು 12 ಗೇಜ್ ಚೇಂಬರಿನಲ್ಲಿ ನಿಲ್ಲದೆ ಮುಂದೆ ಜಾರಿ ನಳಿಗೆಯಲ್ಲಿ ಕೂರುತ್ತದೆ, ಹಿಂದೆ 12ರ ತೋಟಾ ಸಲೀಸಾಗಿ ಹಿಡಿಸುತ್ತದೆ. 20 ಗೇಜಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವುದು ಸುಮ್ನೆ ಅಲ್ಲ.

ನನ್ನ ಕೋವಿ ನಿಂತದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲಿ ಅಂತ ಬಳಿದ ಅಂಟು ಎಣ್ಣೆಯನ್ನು ನಾನು ಒರೆಸಿರಲಿಲ್ಲ. ಪಿಸ್ಟನ್ ಕೈಗೆ ಅಂಟುತ್ತಿತ್ತು. ಹೊಸ ಸ್ಪ್ರಿಂಗ್ ಬಿಗಿ, ಅದರ ಜೊತೆಗೆ ಹಗುರ ತೋಟಾ, ಅದರ ಗ್ಯಾಸ್‌ಗೆ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವ ಬಲ ಸಾಲಲಿಲ್ಲ. ಎಲ್ಲ ಬಿಚ್ಚಿ ಒರೆಸಿ, 32 ಗ್ರಾಂ ತೋಟಾದಲ್ಲಿ ನೂರೈವತ್ತು ಈಡು ಹೊಡೆದ ಮೇಲೆ ಈಗ 24 ಗ್ರಾಂ ಕೂಡ ತಡೆಯಿಲ್ಲದೆ ಓಡುತ್ತದೆ. ಹೋದ ತಿಂಗಳು 25 ತಟ್ಟೆಯಲ್ಲಿ 17 ಒಡೆದೆ. ಈ ಕೋವಿ ಕೊಂಡದ್ದಕ್ಕೆ ನನಗೆ ಒಂದು ದಿನವೂ ಬೇಜಾರಾಗಿಲ್ಲ.

ಆದ್ದರಿಂದ ಕೋವಿ ಮಾರುವವರಲ್ಲಿ ಒಂದು ವಿನಂತಿ. ಇದು ಎಷ್ಟು ಗ್ರಾಂ ತೋಟಾದಿಂದ ಮೇಲೆ ಓಡುತ್ತದೆ ಎಂದು ಕೊಳ್ಳುವ ಮೊದಲೇ ಹೇಳಿ. ಸಾಧ್ಯವಿದ್ದರೆ ಅದೇ ಥರದ ಕೋವಿಯನ್ನು ರೇಂಜಿನಲ್ಲಿ ಹೊಡೆದು ನೋಡಲು ಬಿಡಿ. ರೇಂಜ್ ನಡೆಸುವವರಲ್ಲೂ ಕೇಳಿಕೊಳ್ಳುತ್ತೇನೆ. ಹೊಸಬರ ಕೈಗೆ ನಿಜವಾದ ತೋಟಾ ಕೊಡುವ ಮೊದಲು ನಕಲಿ ತೋಟಾ ಹಾಕಿ, ಬೇಕೆಂದೇ ಸಿಕ್ಕಿಸಿ, ಅದನ್ನು ಬಿಡಿಸುವುದನ್ನು ಹತ್ತು ಸಲ ಮಾಡಿಸಿ. ಕಾಲು ಗಂಟೆಯ ಕೆಲಸ.

ಇನ್ನು ನಿಮ್ಮಲ್ಲಿ ಒಂದು ಮಾತು. ಲೇಖನದ ಜೊತೆ ಹಾಕಿದ ಚಿತ್ರದಲ್ಲಿ ಕೋವಿಯನ್ನು ಬೆಂಚಿಗೆ ಒರಗಿಸಿದ್ದಾರೆ, ಬೋಲ್ಟ್ ಮುಚ್ಚಿದೆ, ಬಾವುಟ ಇಲ್ಲ, ಪಕ್ಕದಲ್ಲೇ ಜನ ನಗುತ್ತಾ ನಿಂತಿದ್ದಾರೆ. ಮುಂದಿನ ಕಂತಿಗೆ ದಯವಿಟ್ಟು ಬೋಲ್ಟ್ ತೆರೆದಿಟ್ಟ ಚಿತ್ರ ಹಾಕಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು