ಮುಖ್ಯಸ್ಥೆಯಾಗಲಿರುವ ಮಗಳಿಗೆ

ಕಲಬುರಗಿ

ಚಿರಂಜೀವಿ ಶಾಂತಾಳಿಗೆ ಅವ್ವನ ಆಶೀರ್ವಾದಗಳು.

ಹತ್ತು ವರ್ಷ ಪ್ರಯೋಗಾಲಯದಲ್ಲಿ ವೆಂಟಿಲೇಟರುಗಳ ಮೇಲೆ ದುಡಿದ ನಿನ್ನನ್ನೇ ಕಂಪನಿಯ ಮುಖ್ಯಸ್ಥೆಯಾಗಲು ಕರೆದಿದ್ದಾರೆಂದು ಕೇಳಿ, ಸಂತೋಷಕ್ಕೆ ಫೋನಿನಲ್ಲಿ ಮಾತೇ ಹೊರಡಲಿಲ್ಲ. ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ.

ನಾನು ನರ್ಸ್ ಆಗಿದ್ದ ಕಾಲದಲ್ಲಿ ಒಂದು ಮೇ ತಿಂಗಳ ರಾತ್ರಿ ವಾರ್ಡಿನಲ್ಲಿ ಕರೆಂಟ್ ಹೋಯಿತು. ಅರ್ಧ ಗಂಟೆ ನಡೆಯಬೇಕಿದ್ದ ವೆಂಟಿಲೇಟರಿನ ಬ್ಯಾಟರಿ ಕೆಲವೇ ನಿಮಿಷಗಳಲ್ಲಿ ನಿಂತಿತು. ಜನರೇಟರ್ ಶುರುವಾಗುವವರೆಗೆ ಕೈಯಿಂದಲೇ ಉಸಿರು ತುಂಬುವ ಆಂಬು ಬ್ಯಾಗನ್ನು ಒತ್ತುತ್ತಾ ನಿಂತೆ, ರೋಗಿ ಉಳಿದರು. ನಮ್ಮ ಬಿಸಿಲಿಗೆ ಬ್ಯಾಟರಿ ಬೇಗ ಮುಪ್ಪಾಗುತ್ತದೆಂಬುದು ಆ ಯಂತ್ರ ರೂಪಿಸಿದವರ ಲೆಕ್ಕದಲ್ಲಿ ಇರಲಿಲ್ಲವೆಂದು ಇಂದಿಗೂ ನನಗೆ ನೋವಿದೆ.

ಅರ್ಲ್ ಬಾಕೆನ್ ಅವರ ವಿಷಯ ನಿನಗೆ ಗೊತ್ತೇ ಇದೆ. 1949ರಲ್ಲಿ ಮಿನಿಯಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಎಂಬ ವೈದ್ಯಕೀಯ ಉಪಕರಣಗಳ ಕಂಪನಿ ಆರಂಭಿಸಿದ ಅವರು ಮೊದಲು ಮಾಡಿದ್ದು ಆಸ್ಪತ್ರೆಗಳ ಉಪಕರಣಗಳ ದುರಸ್ತಿ. 1957ರ ಅಕ್ಟೋಬರ್ 31ರಂದು ಆ ಊರಿನಲ್ಲಿ ವಿದ್ಯುತ್ ಕಡಿತವಾದಾಗ, ಹೃದಯದ ಬಡಿತವನ್ನು ಕ್ರಮದಲ್ಲಿಡುವ, ಗೋಡೆಯ ಪ್ಲಗ್ಗನ್ನೇ ನಂಬಿದ್ದ ಪೇಸ್‌ಮೇಕರ್‌ಗಳು ಎಂಥ ಅಪಾಯವೆಂದು ಕಂಡ ಶಸ್ತ್ರಚಿಕಿತ್ಸಕ ಲಿಲ್ಲೆಹೈ ಅವರು ಬಾಕೆನ್‌ರ ಸಹಾಯ ಕೇಳಿದರು. ತಾಳ ಹಾಕುವ ಮೆಟ್ರೊನೋಮ್‌ನ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಮಾರ್ಪಡಿಸಿ, ಮೈಮೇಲೆ ಧರಿಸಬಹುದಾದ ಬ್ಯಾಟರಿಯ ಪೇಸ್‌ಮೇಕರನ್ನು ನಾಲ್ಕೇ ವಾರಗಳಲ್ಲಿ ಅವರು ತಯಾರಿಸಿದರು. ಆಸ್ಪತ್ರೆಯೊಳಗೆ ಓಡಾಡುತ್ತಿದ್ದ ದುರಸ್ತಿಗಾರನಲ್ಲದೆ ಬೇರೊಬ್ಬರಿಗೆ ಅಷ್ಟು ಬೇಗ ಅದು ಹೊಳೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಆದರೆ ಎಲ್ಲ ಕೆಲಸವೂ ನಾಲ್ಕು ವಾರದ್ದಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ನಿರ್ದೇಶಕರೂ ಶಸ್ತ್ರಚಿಕಿತ್ಸಕರೂ ಆಗಿದ್ದ ಡಾ. ವಲಿಯತ್ತಾನ್ ಅವರ ತಂಡದ ಕೃತಕ ಹೃದಯ ಕವಾಟ ಮೂರು ಮಾದರಿಗಳಲ್ಲಿ ಸೋತು, ನಾಲ್ಕನೆಯದರಲ್ಲಿ ಗೆದ್ದು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆ ಸೇರಿತು. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುವಾಗ ಕವಾಟ ವರ್ಷಕ್ಕೆ ಮೂರೂವರೆ ಕೋಟಿ ಸಲಕ್ಕೂ ಹೆಚ್ಚು ತೆರೆದು ಮುಚ್ಚಬೇಕು. ಅಲ್ಲಿ ಅವಸರ ನಡೆಯುವುದಿಲ್ಲ. ನಾಳೆ ಮಾರಾಟದವರು ನಿನ್ನ ಮೇಲೆ ಒತ್ತಡ ತಂದಾಗ, ಪರೀಕ್ಷೆ ಮುಗಿಯದ ಯಂತ್ರಕ್ಕೆ ನೀನು ಸಹಿ ಹಾಕಬಾರದು, ಮಗಳೇ. ಸಭೆಗಳು ಎಷ್ಟೇ ಇರಲಿ, ತಿಂಗಳಿಗೊಮ್ಮೆಯಾದರೂ ಯಾವುದಾದರೂ ವಾರ್ಡಿಗೆ ಹೋಗಿ ರಾತ್ರಿ ಪಾಳಿಯ ನರ್ಸುಗಳ ದೂರನ್ನು ನೀನೇ ಕೇಳು.

ಮೇ ತಿಂಗಳಲ್ಲಿ ರಜೆ ಹಾಕಿ ಬಾ. ಬರುವಾಗ ಹೊಸ ಯಂತ್ರವನ್ನೂ ತಂದರೆ, ರೋಗಿಗೆ ಜೋಡಿಸದೆ, ನಮ್ಮ ಪಡಸಾಲೆಯ ಸೆಕೆಯಲ್ಲೇ ಅದರ ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆಂದು ಇಬ್ಬರೂ ಕುಳಿತು ನೋಡೋಣ.

ನಿನ್ನ ಅವ್ವ