ಪಿಆರ್ ಬಂತು, ಬೆನ್ನಿಗೆ ನಿಂತವರಿಗೆಲ್ಲ ಥ್ಯಾಂಕ್ಸ್

ಮೊನ್ನೆ ಮಂಗಳವಾರ ನಮಗೆ ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ಇರುವ ವೀಸಾ, ಬಂತು. ನನಗೆ, ಹೆಂಡತಿಗೆ, ಮಗಳಿಗೆ, ಮೂವರಿಗೂ. ಫೋನ್ ಮಾಡಿ ಹೇಳೋಣ ಅಂದರೆ ಒಬ್ಬೊಬ್ಬರ ಹತ್ತಿರವೂ ಅರ್ಧ ಗಂಟೆ ಹಿಡಿಯುತ್ತಿದೆ. ಅದಕ್ಕೆ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಾನು ಮದ್ದೂರಿನ ಕಡೆಯವನು, ಡೀಸೆಲ್ ಮೆಕ್ಯಾನಿಕ್. 2019ರಲ್ಲಿ 482 ಅನ್ನೋ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಆಸ್ಟ್ರೇಲಿಯಾದ ಶೆಪರ್ಟನ್‌ಗೆ ಬಂದೆ. ಮೆಲ್ಬರ್ನ್‌ನಿಂದ ಎರಡು ಗಂಟೆಯ ದಾರಿ. ಸುತ್ತಮುತ್ತ ಹಣ್ಣಿನ ತೋಟ, ಡೈರಿ. ನಮ್ಮ ವರ್ಕ್‌ಶಾಪಿಗೆ ಬರೋದು ಟ್ರಾಕ್ಟರ್, ಲಾರಿ, ಹಾಲಿನ ಟ್ಯಾಂಕರ್. 2023ರಲ್ಲಿ ನಮ್ಮ ಬಾಸ್ ನನ್ನ ಪಿಆರ್‌ಗಾಗಿ 186 ನಾಮಿನೇಷನ್ ಹಾಕಿದರು, ಅಂದರೆ ಈ ಕೆಲಸಕ್ಕೆ ಇವನೇ ಬೇಕು ಅಂತ ಕೆಲಸ ಕೊಟ್ಟವರು ವಲಸೆ ಇಲಾಖೆಗೆ ಹಾಕುವ ಅರ್ಜಿ. ಮುಂದಿನ ವರ್ಷ ಅದು ರಿಜೆಕ್ಟ್ ಆಯಿತು. ಇನ್ನೂ ಎರಡು ವರ್ಷ ನನಗೆ ಸಂಬಳ ಕೊಡುವ ತಾಕತ್ತು ಈ ವರ್ಕ್‌ಶಾಪಿಗೆ ಇದೆ ಅಂತ ಲೆಕ್ಕಪತ್ರದಲ್ಲಿ ಕಾಣಲಿಲ್ಲವಂತೆ.

ಹೇಗೆ ಕಾಣಬೇಕು ಹೇಳಿ? 2022ರ ಅಕ್ಟೋಬರ್‌ನಲ್ಲಿ ಗೋಲ್ಬರ್ನ್ ನದಿ ಊರೊಳಗೇ ನುಗ್ಗಿತ್ತು. ವರ್ಕ್‌ಶಾಪಿನ ಗೋಡೆ ಮೇಲೆ, ವೈಸ್ ಕೂರಿಸಿದ ಬೆಂಚಿನ ಮಟ್ಟಕ್ಕೆ, ಕೆಸರಿನ ಗೆರೆ ಈಗಲೂ ಇದೆ. ಕಂಪ್ರೆಸರ್, ವೆಲ್ಡಿಂಗ್ ಮಷೀನ್ ಎಲ್ಲ ಹೋದವು. ಇಲ್ಲಿ ಲೆಕ್ಕದ ವರ್ಷ ಜುಲೈಯಿಂದ ಜೂನ್. ಅರ್ಜಿ ಜೊತೆ ಹೋಗಿದ್ದು ಅದೇ ವರ್ಷದ ಲೆಕ್ಕ.

ನಾಮಿನೇಷನ್ ಹೋಯಿತು ಅಂದಮೇಲೆ ನನ್ನ ಪಿಆರ್ ವೀಸಾ ಅರ್ಜಿನೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಹೊಸ ನಾಮಿನೇಷನ್ ಹಾಕಿದರೆ ಆಗಲ್ವಾ ಅಂತ ತುಂಬಾ ಜನ ಕೇಳಿದಿರಿ. ಹಳೇ ವೀಸಾ ಅರ್ಜಿ ಹಳೇ ನಾಮಿನೇಷನ್‌ಗೇ ಅಂಟಿಕೊಂಡಿರುತ್ತದೆ, ಹೊಸದು ಅದನ್ನು ಉಳಿಸುವುದಿಲ್ಲ. ನಾಮಿನೇಷನ್ ಮೇಲೆ ಅಪೀಲು ಹೋಗುವ ಹಕ್ಕು ಇರುವುದು ಕೆಲಸ ಕೊಟ್ಟವರಿಗೆ, ನನಗಲ್ಲ. ನಾನು ನನ್ನ ವೀಸಾದ ಮೇಲೆ ಬೇರೆ ಅಪೀಲು ಹಾಕಬಹುದು ಅಷ್ಟೆ. ಆದರೆ ಬಾಸ್ ಸೋತರೆ ನಾನೂ ಸೋತ ಹಾಗೆಯೇ.

ಹಾಗಾಗಿ ಮೊದಲ ಥ್ಯಾಂಕ್ಸ್ ಬಾಸ್‌ಗೆ. ಅವರು ಸುಮ್ನೆ ಇದ್ದುಬಿಡಬಹುದಿತ್ತು. ಅಪೀಲಿನ ಫೀಸು ಒಂದಕ್ಕೇ ಮೂರು ಸಾವಿರ ಡಾಲರ್‌ಗಿಂತ ಜಾಸ್ತಿ. ನಾಮಿನೇಷನ್‌ಗೆ ಕಟ್ಟಿದ ಮೂರು ಸಾವಿರದ ಟ್ರೇನಿಂಗ್ ಲೆವಿ (ಸ್ಪಾನ್ಸರ್ ಮಾಡುವವರು ಸರ್ಕಾರಕ್ಕೆ ಕಟ್ಟುವ ಶುಲ್ಕ) ಬೇರೆ. ಆ ಲೆವಿಯನ್ನು ಕೆಲಸಗಾರನಿಂದ ವಸೂಲಿ ಮಾಡೋ ಹಾಗಿಲ್ಲ, ಸ್ಪಾನ್ಸರ್ ಮಾಡಲು ದುಡ್ಡು ಕೇಳುವುದು 2015ರಿಂದ ಇಲ್ಲಿ ಅಪರಾಧ. ಆದರೂ ಒಳಗೊಳಗೇ ಕೀಳುವವರು ಇದ್ದಾರೆ, ನಿಮಗೂ ಗೊತ್ತು. ನಮ್ಮವರು ಒಂದು ಸೆಂಟ್ ಕೇಳಲಿಲ್ಲ.

ಆಮೇಲೆ ಬಾಸ್ ಹೆಂಡತಿ. ಲೆಕ್ಕ ನೋಡುವುದು ಅವರೇ. ನೆರೆಯಲ್ಲಿ ನೆನೆದಿದ್ದ ಜಾಬ್ ಕಾರ್ಡುಗಳನ್ನು ಅಡುಗೆಮನೆ ಟೇಬಲ್ ಮೇಲೆ ಹರಡಿ ಒಂದೊಂದಾಗಿ ಬಿಡಿಸಿ ಸ್ಕ್ಯಾನ್ ಮಾಡಿದರು. ಕೆಲವದರ ಮೇಲೆ ನನ್ನ ಗ್ರೀಸ್ ಹೆಬ್ಬೆಟ್ಟು. ಇನ್ಶೂರೆನ್ಸ್ ಪತ್ರ, ನೀರು ನಿಂತ ಫೋಟೋ, ಮೂರು ತಿಂಗಳಿಗೊಮ್ಮೆ ತೆರಿಗೆಯವರಿಗೆ ಕೊಡುವ ಬ್ಯಾಸ್ ಲೆಕ್ಕ, ಎಲ್ಲ ದಿನಾಂಕದ ಪ್ರಕಾರ ಜೋಡಿಸಿದರು. ನೋಡಿದರೆ ಕಥೆ ತಾನಾಗಿಯೇ ಅರ್ಥವಾಗುತ್ತಿತ್ತು: ಬಿದ್ದಿದ್ದು ಒಂದು ವರ್ಷ, ಆಮೇಲೆ ಎದ್ದಿದೆ.

ಮೆಲ್ಬರ್ನ್‌ನ ನಮ್ಮ ಮೈಗ್ರೇಶನ್ ಏಜೆಂಟ್ ಮೇಡಂಗೆ ಕೈ ಮುಗಿಯುತ್ತೇನೆ. ಇನ್ನೊಬ್ಬರು ವೀಸಾ ಅರ್ಜಿ ವಾಪಸ್ ತಗೊಂಡು ಊರಿಗೆ ಹೊರಡಿ ಅಂದಿದ್ದರು. ವಾಪಸ್ ತಗೊಂಡರೆ ಅಪೀಲಿಗೆ ಜಾಗವೇ ಇರಲ್ಲ ಅಂತ ತಡೆದವರು ಇವರು. ಅಪೀಲಿಗೆ ಆಗ ಇದ್ದ ಗಡುವು 21 ದಿನ, ಈಗ 28. ದಾಟಿದರೆ ಮುಗೀತು, ಯಾರ ಕಾಲು ಹಿಡಿದರೂ ಆಗಲ್ಲ. ಅಪೀಲು ಕೇಳುವ ಟ್ರಿಬ್ಯುನಲ್ ಹೊಸ ದಾಖಲೆಗಳನ್ನೂ ನೋಡುತ್ತದೆ, ಮೊದಲಿನಿಂದ ತೀರ್ಮಾನ ಮಾಡುತ್ತದೆ ಅಂತ ಅವರು ಹೇಳಿದ ಮೇಲೆಯೇ ನನಗೆ ಉಸಿರು ಬಂದಿದ್ದು.

ನಂತರ ಕಾಯುವುದೇ ಕೆಲಸ. ಮಧ್ಯದಲ್ಲಿ, 2024ರ ಅಕ್ಟೋಬರ್‌ನಲ್ಲಿ, ಹಳೇ ಟ್ರಿಬ್ಯುನಲ್ ಹೋಗಿ ಹೊಸ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯುನಲ್ ಬಂತು, ನಮ್ಮ ಫೈಲೂ ಅಲ್ಲಿಗೆ ಹೋಯಿತು. ಅಪ್ಪನ ಆಪರೇಷನ್‌ಗೆ ಊರಿಗೆ ಹೋಗಬೇಕಾದಾಗ ಹೋಗಿ ವಾಪಸ್ ಬರಲು ಬಿಡುವ ಬ್ರಿಡ್ಜಿಂಗ್ ಬಿ ವೀಸಾ ತಗೊಂಡೇ ವಿಮಾನ ಹತ್ತಬೇಕಾಯಿತು. ಮಂಡ್ಯದ ಆಸ್ಪತ್ರೆಯಲ್ಲಿ ನಾನು ಬರುವ ತನಕ ಅಪ್ಪನ ಹತ್ತಿರ ಇದ್ದ ಭಾವನಿಗೆ ಏನು ಹೇಳಿದರೂ ಕಡಿಮೆಯೇ.

ವಿಚಾರಣೆ ದಿನ ನಾನು ಬರೀ ಸಾಕ್ಷಿ. ಸಂಬಳ ಎಲ್ಲಿಂದ ಕೊಡುತ್ತೀರಿ ಅಂತ ಬಾಸ್‌ಗೆ ಕೇಳಿದರು. ಅವರು ಮಾತಾಡುವುದೇ ಕಮ್ಮಿ. ಪುಟದ ನಂಬರ್ ಹೇಳಿ, ಅಲ್ಲಿದೆ ನೋಡಿ ಅಂದರು. ಪಕ್ಕದ ಡೈರಿಯ ಮುದುಕಪ್ಪ ಕೈಯಲ್ಲೇ ಬರೆದುಕೊಟ್ಟ ಪತ್ರವೂ ಆ ಕಡತದಲ್ಲಿತ್ತು. ಹಾಲು ತುಂಬಿದ ಟ್ಯಾಂಕರ್ ರಾತ್ರಿ ಕೆಟ್ಟು ನಿಂತರೆ ಬರುವವನು ಇವನೊಬ್ಬನೇ ಅಂತ ಬರೆದಿದ್ದರು. ಅವರಿಗೂ ಥ್ಯಾಂಕ್ಸ್. ನಾಮಿನೇಷನ್ ಪಾಸಾಯಿತು, ನನ್ನ ವೀಸಾ ಫೈಲು ಇಲಾಖೆಗೆ ವಾಪಸ್ ಹೋಯಿತು. ಮತ್ತೆ ಮೆಡಿಕಲ್, ಮತ್ತೆ ಪೊಲೀಸ್ ಸರ್ಟಿಫಿಕೇಟ್, ಆಮೇಲೆ ಮೊನ್ನೆಯ ಈಮೇಲ್.

ಇಲ್ಲಿನ ಗುರುದ್ವಾರದಲ್ಲಿ ನಮ್ಮನ್ನು ಕರೆದು ಕರೆದು ಊಟಕ್ಕೆ ಕೂರಿಸಿದ ಪಂಜಾಬಿ ಗೆಳೆಯರನ್ನೂ, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಿದ್ದ ಮೆಲ್ಬರ್ನ್ ಕನ್ನಡದ ಹುಡುಗರನ್ನೂ ಮರೆಯುವುದಿಲ್ಲ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಬೈಯುತ್ತಾಳೆ, ಬಿಡಿ.

ಬರುವ ಭಾನುವಾರ ಮಧ್ಯಾಹ್ನ ವರ್ಕ್‌ಶಾಪ್ ಹಿಂದಿನ ಶೆಡ್‌ನಲ್ಲಿ ಊಟ. ಮುದ್ದೆ, ಕೋಳಿ ಸಾರು, ತಿನ್ನದವರಿಗೆ ಬಸ್ಸಾರು. ಬಾಸ್‌ಗೆ ಖಾರ ಕಡಿಮೆ ಹಾಕಿ ಬೇರೆ ಪಾತ್ರೆಯಲ್ಲಿ ಮಾಡುತ್ತೇವೆ, ಗಾಬರಿಯಾಗಬೇಡಿ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದೊಳಗೆ ತಿಳಿಸಿ.