ಹೈಡ್ರೋಜನ್ ಎಲ್ಲಿಂದ ತರ್ತೀಯ?

ಪ್ರೀತಿಯ ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಪಿಎಚ್‌ಡಿಗೆ ಕಾರ್ಬನ್ ಡೈಆಕ್ಸೈಡ್‌ನಿಂದ ಮೆಥನಾಲ್, ಅಂದರೆ ಉರಿಯುವ ಒಂದು ಆಲ್ಕೋಹಾಲ್, ಮಾಡುವ ವಿಷಯ ತೆಗೆದುಕೊಂಡಿದ್ದೀಯಂತೆ. ತುಂಬಾ ಖುಷಿಯಾಯಿತು. ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ಕ್ಯಾಟಲಿಸ್ಟ್ ಪುಡಿಯ ಜೊತೆಗೇ ತಲೆ ನರೆತವನು ನಾನು. ಹೇಳದೆ ಇರಲಾರೆ, ಬೇಜಾರು ಮಾಡಿಕೊಳ್ಳಬೇಡ.

ಕಾರ್ಬನ್ ಡೈಆಕ್ಸೈಡ್ ಉರಿದು ಮುಗಿದ ಬೂದಿಯ ಹಾಗೆ. ಮತ್ತೆ ಉರಿಯುವಂತೆ ಮಾಡಬೇಕಾದರೆ ಹೋದ ಶಕ್ತಿಯನ್ನು ನಾವೇ ತುಂಬಬೇಕು. ನಿನ್ನ ಕೆಲಸದಲ್ಲಿ ಅದನ್ನು ಹೊತ್ತು ತರುವುದು ಹೈಡ್ರೋಜನ್. ಒಂದು ಟನ್ ಮೆಥನಾಲ್‌ಗೆ ಸುಮಾರು 1.4 ಟನ್ ಕಾರ್ಬನ್ ಡೈಆಕ್ಸೈಡ್, 190 ಕಿಲೋ ಹೈಡ್ರೋಜನ್ ಬೇಕು. ನೀರು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್ ಆಸುಪಾಸು ಕರೆಂಟು. ಗುಣಿಸಿ ನೋಡು, ಟನ್ನಿಗೆ 9,000 ಯೂನಿಟ್ ದಾಟುತ್ತದೆ! ಅದು ಕಲ್ಲಿದ್ದಲಿನ ಕರೆಂಟಾದರೆ ಹಿಡಿದದ್ದಕ್ಕಿಂತ ಎಷ್ಟೋ ಜಾಸ್ತಿ ಗಾಳಿಗೆ ಬಿಟ್ಟಂತಾಯಿತು, ಅಲ್ವಾ? 2012ರಲ್ಲಿ ರಸಾಯನ ವಿಜ್ಞಾನಿ ಜಾರ್ಜ್ ಓಲಾ ಹೆಸರಿನ ಮೆಥನಾಲ್ ಘಟಕ ಐಸ್‌ಲ್ಯಾಂಡಿನಲ್ಲಿ ಶುರುವಾದದ್ದು ಸುಮ್ನೆ ಅಲ್ಲ. ಭೂಶಾಖದ ವಿದ್ಯುತ್ ಸ್ಥಾವರ ಅಲ್ಲೇ ಪಕ್ಕದಲ್ಲಿತ್ತು, ಅದು ಹೊರಬಿಡುವ ಕಾರ್ಬನ್ ಡೈಆಕ್ಸೈಡೂ ಕೈಗೆ ಸಿಗುತ್ತಿತ್ತು.

ಭಾಷಣ ಮಾಡುವವರು ಭೂಮಿಯನ್ನೇ ಉಳಿಸುತ್ತೇವೆ ಅನ್ನುತ್ತಾರೆ. ನೀನು ಹಾಗೆ ಬರೆಯಬೇಡ. ಜಗತ್ತು ವರ್ಷಕ್ಕೆ ಬಳಸುವ ಮೆಥನಾಲ್ ಸುಮಾರು 11 ಕೋಟಿ ಟನ್. ಇಂಧನ ಸುಟ್ಟು ಬಿಡುವ ಕಾರ್ಬನ್ ಡೈಆಕ್ಸೈಡ್ 3,500 ಕೋಟಿ ಟನ್ನಿಗೂ ಮೇಲೆ. ನೆಲದಿಂದ ತೆಗೆದ ಇಂಗಾಲದ ಬದಲು ಈ ಅನಿಲವನ್ನು ಬಳಸಿ ರಾಸಾಯನಿಕ ಮಾಡಿದರೆ ಅದೇ ದೊಡ್ಡ ಕೆಲಸ.

ಇನ್ನು ಲ್ಯಾಬಿನ ಮಾತು. ತಾಮ್ರ-ಸತು ಕ್ಯಾಟಲಿಸ್ಟ್ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಆದರೆ ಮೆಥನಾಲ್ ಜೊತೆ ನೀರೂ ಹುಟ್ಟುತ್ತದೆ. ಆ ಆವಿಯಲ್ಲಿ ತಾಮ್ರದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಕೆಲಸ ಮಾಡುವ ಮೇಲ್ಮೈ ಕಡಿಮೆಯಾಗುತ್ತದೆ. ಇಳುವರಿ ಇಳಿಯಿತು ಅಂತ ಶಾಖ ಏರಿಸಿದರೆ ಮೆಥನಾಲ್ ಬದಲು ಕಾರ್ಬನ್ ಮಾನಾಕ್ಸೈಡ್ ಜಾಸ್ತಿಯಾಗುತ್ತದೆ. ನಾಲ್ಕು ಗಂಟೆ ಓಡಿಸಿ ಪೇಪರ್ ಬರೆಯುವವರು ಇದನ್ನು ನೋಡುವುದೇ ಇಲ್ಲ. ನೀನು ವಾರಗಟ್ಟಲೆ ಓಡಿಸು.

ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದ (ಜಿಸಿ) ಗ್ರಾಫಿನಲ್ಲಿ ಮೆಥನಾಲ್‌ನ ಒಳ್ಳೆಯ ಪೀಕ್ ಬಂದ ದಿನ ಯಾರಿಗೂ ಹೇಳಬೇಡ. ಕಾರ್ಬನ್ ಡೈಆಕ್ಸೈಡ್ ನಿಲ್ಲಿಸಿ, ಯಾವುದರ ಜೊತೆಗೂ ವರ್ತಿಸದ ಆರ್ಗಾನ್ ಅನಿಲ ಒಳಗೆ ಬಿಡು. ಆಗಲೂ ಜಿಸಿಯಲ್ಲಿ ಅದೇ ಪೀಕ್ ಕಂಡರೆ, ಕ್ಯಾಟಲಿಸ್ಟ್ ತೊಳೆದ ದ್ರಾವಕವೇ ಒಳಗೆ ಉಳಿದಿರಬಹುದು. ಅನುಮಾನ ಬಿಡದಿದ್ದರೆ, ಗುರುತು ಹಿಡಿಯಬಹುದಾದ ಭಾರದ ಇಂಗಾಲ ಅಂದರೆ ಕಾರ್ಬನ್-13 ಇರುವ ಕಾರ್ಬನ್ ಡೈಆಕ್ಸೈಡ್ ತರಿಸು; ಮೆಥನಾಲ್‌ನಲ್ಲಿ ಅದೇ ಕಂಡರೆ ಅದು ನಿನ್ನ ಅನಿಲದಿಂದಲೇ ಬಂದದ್ದು. ದುಬಾರಿ, ಗೈಡ್ ಗೊಣಗಬಹುದು. ಆದರೂ ಕೇಳು.

ಮೊದಲ ದೊಡ್ಡ ರನ್ ಮುಗಿದ ಮೇಲೆ ಒಳಗೆ ಹೋದ ಇಂಗಾಲ ಎಷ್ಟು, ಹೊರಬಂದದ್ದು ಎಷ್ಟು, ಆ ಲೆಕ್ಕ ಕಳಿಸು. ಬಣ್ಣದ ಗ್ರಾಫ್ ಬೇಡ, ಕಚ್ಚಾ ಅಂಕಿಗಳೇ ಇರಲಿ.

ಇಂತಿ ನಿನ್ನ
ಚಿಕ್ಕಪ್ಪ